ತಂಗಿ ಮನೆಗೆ ಮೂರು ದಾರಿ: ರಾಲಿಯ ರಿಂಗ್ ರೋಡುಗಳ ಹೋಲಿಕೆ

ನಾರ್ತ್ ಕ್ಯಾರೊಲೈನಾದ ರಾಜಧಾನಿ ರಾಲಿಯನ್ನು ಒಂದು ಊಟದ ತಟ್ಟೆ ಅಂದುಕೊಳ್ಳಿ. ನೈರುತ್ಯದ ಅಂಚಿನಲ್ಲಿ ಏಪೆಕ್ಸ್, ಅಲ್ಲಿ ನಮ್ಮ ಮನೆ. ಪೂರ್ವದ ಅಂಚಿನಲ್ಲಿ ನೈಟ್‌ಡೇಲ್, ಅಲ್ಲಿ ತಂಗಿ ಮನೆ. ತಂಗಿಗೆ ಆಸ್ಪತ್ರೆಯಲ್ಲಿ ಗುರುವಾರ ರಾತ್ರಿ ಪಾಳಿ. ಭಾವ ವಾರದ ಮಧ್ಯೆ ಊರಲ್ಲಿರುವುದಿಲ್ಲ. ಹಾಗಾಗಿ ಗುರುವಾರ ಸಂಜೆ ಅವಳ ಮಗನನ್ನು ನೋಡಿಕೊಳ್ಳುವುದು ನನ್ನ ಪಾಲು. ನಾನು ಕೆಲಸ ಮುಗಿಸಿ ಹೊರಡುವುದು 5:10ಕ್ಕೆ, ಅವಳು ಮನೆ ಬಿಡಲೇಬೇಕಾದ್ದು 6:15ಕ್ಕೆ. ನಾನು ತಲುಪದೆ ಅವಳು ಬಾಗಿಲು ದಾಟುವ ಹಾಗಿಲ್ಲ.

ಮ್ಯಾಪ್ ತೆಗೆದರೆ ಮೂರು ದಾರಿ ತೋರಿಸುತ್ತದೆ, ಮೂರಕ್ಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು. ನಮ್ಮ ಮನೆಯವರಿಗೆ ಫೋನು ಹೇಳಿದ್ದೇ ವೇದವಾಕ್ಯ. ನನಗೆ ಅನುಮಾನ ಜಾಸ್ತಿ. ಎರಡು ತಿಂಗಳು ಪಟ್ಟುಹಿಡಿದು ಮೂರರಲ್ಲೂ ಓಡಾಡಿ, ಹಾಲಿನ ಲೆಕ್ಕ ಬರೆದ ಹಾಗೆ ಬರೆದಿಟ್ಟೆ. ಎಂಟು ಗುರುವಾರಗಳ ಸಂಜೆ, ಜೊತೆಗೆ ರಸ್ತೆ ಖಾಲಿಯಿದ್ದಾಗ ಹೇಗೆ ಅಂತ ನೋಡಲು ಮೂರು ಶನಿವಾರಗಳ ಬೆಳಗ್ಗೆ.

ಮೊದಲು ರಸ್ತೆಗಳ ಪರಿಚಯ. ರಾಲಿಗೆ ಎರಡು ಸುತ್ತುಗಳಿವೆ, ಒಳಗಿನದೊಂದು, ಹೊರಗಿನದೊಂದು. ಒಳಗಿನದು ಐ-440 (ಐ ಅಂದರೆ ಇಂಟರ್‌ಸ್ಟೇಟ್ ಹೆದ್ದಾರಿ). ಇಲ್ಲಿಯವರ ಬಾಯಲ್ಲಿ ಅದು ಬೆಲ್ಟ್‌ಲೈನ್. ಮೊದಲು ಇಡೀ ಉಂಗುರಕ್ಕೆ 440 ಅಂತಲೇ ಹೆಸರಿತ್ತು. 2008ರಲ್ಲಿ ದಕ್ಷಿಣದ ಭಾಗಕ್ಕೆ ಐ-40 ಎಂಬ ಹೆಸರೊಂದನ್ನೇ ಉಳಿಸಿದರು. ಈಗ 440 ಅಂದರೆ ಸುಮಾರು 16 ಮೈಲಿಯ ಮುಕ್ಕಾಲು ಉಂಗುರ, ಕೆಳಗಿನ ಕೊರತೆ ತುಂಬುವುದು 40. ಹೊರಗಿನ ಸುತ್ತು 540. ಅದರ ಉತ್ತರಾರ್ಧಕ್ಕೆ ದುಡ್ಡಿಲ್ಲ. ಪಶ್ಚಿಮ ಮತ್ತು ದಕ್ಷಿಣಕ್ಕೆ ಟೋಲ್. ಪೂರ್ವದಲ್ಲಿ, ಸರಿಯಾಗಿ ತಂಗಿ ಮನೆ ಕಡೆಯೇ, ಸುಮಾರು 10 ಮೈಲಿ ಇನ್ನೂ ಕಟ್ಟುತ್ತಿದ್ದಾರೆ.

ಅಮೆರಿಕದ ಇಂಟರ್‌ಸ್ಟೇಟ್ ಹೆದ್ದಾರಿ ಸಂಖ್ಯೆಗಳಿಗೆ ಒಂದು ಸೂತ್ರವಿದೆ. ಮೂರಂಕಿಯ ಸಂಖ್ಯೆಯಲ್ಲಿ ಮೊದಲ ಅಂಕಿ ಸಮವಾದರೆ ಆ ರಸ್ತೆ ಸುತ್ತಿಕೊಂಡು ಮತ್ತೆ ಹೆದ್ದಾರಿಗೆ ಸೇರುತ್ತದೆ, ಬೆಸವಾದರೆ ಕವಲೊಡೆದು ಎಲ್ಲೋ ಹೋಗುತ್ತದೆ. 440 ಸೂತ್ರ ಪಾಲಿಸುತ್ತದೆ. ಊರಿನ ಅತಿ ದೊಡ್ಡ ಸುತ್ತಿಗೆ ಮಾತ್ರ 540 ಅಂತ ಬೆಸಸಂಖ್ಯೆ ಕೊಟ್ಟುಬಿಟ್ಟಿದ್ದಾರೆ.

ಇನ್ನೊಂದು ತಮಾಷೆ. ಬೆಲ್ಟ್‌ಲೈನಿನ ಎರಡು ದಿಕ್ಕುಗಳಿಗೆ ಹಳಬರು ಇನ್ನರ್, ಔಟರ್ ಅನ್ನುತ್ತಾರೆ. ಉಂಗುರದ ಮೇಲೆ ಪೂರ್ವ ಪಶ್ಚಿಮ ಅಂದರೆ ಅರ್ಥವಾಗದು, ಒಳಬದಿ ಹೊರಬದಿ ಅಂದರೆ ಆದೀತು ಅಂತ. ಇಲ್ಲಿ ಬಲಕ್ಕೆ ಓಡಿಸುವುದರಿಂದ ಗಡಿಯಾರದ ಮುಳ್ಳಿನಂತೆ ಸುತ್ತುವವರು ಒಳಬದಿಯಲ್ಲಿರುತ್ತಾರೆ. ಮೈಸೂರಿನಲ್ಲಿ ಎಡಕ್ಕೆ ಓಡಿಸಿ ಕಲಿತ ನನ್ನ ತಲೆಯಲ್ಲಿ ಅದು ತಿರುಗುಮುರುಗು. ನಮ್ಮಲ್ಲಿ ಪ್ರದಕ್ಷಿಣೆಯಾಗಿ ಸುತ್ತುವವನು ಹೊರಬದಿಯಲ್ಲಿರುತ್ತಾನೆ. ಬಂದ ಹೊಸತರಲ್ಲಿ ಯಾರೋ "ಇನ್ನರ್ ಬೆಲ್ಟ್‌ಲೈನ್ ಹಿಡಿ" ಅಂದಿದ್ದಕ್ಕೆ ಊರು ಪೂರ್ತಿ ಅಪ್ರದಕ್ಷಿಣೆ ಬಂದವಳು ನಾನು.

ಮೊದಲ ದಾರಿ ನಡುವಿನದು. ಏಪೆಕ್ಸ್‌ನಿಂದ ಯುಎಸ್ 64, ಆಮೇಲೆ ಯುಎಸ್ 1, ಕ್ಯಾರಿಯಲ್ಲಿ ಐ-40 ಹತ್ತಿ ಊರಿನ ದಕ್ಷಿಣದ ಮಗ್ಗುಲಲ್ಲಿ ಸಾಗಿ, ಎಕ್ಸಿಟ್ 301ರಲ್ಲಿ ತಿರುಗಿ ಐ-87. ನನ್ನ ಕಾರಿನ ಮೀಟರಿನಲ್ಲಿ 26 ಮೈಲಿ ಚಿಲ್ಲರೆ. ಟೋಲ್ ಇಲ್ಲ. ಶನಿವಾರ ಬೆಳಗ್ಗೆ ಏಳೂವರೆಗೆ 29 ನಿಮಿಷ. ಆಗ ಇದರ ಮುಂದೆ ಯಾವುದೂ ಇಲ್ಲ.

ಗುರುವಾರ ಸಂಜೆ ಮೂರು ಸಲ ಹೋದೆ: 39, 44, 71 ನಿಮಿಷ. ಆ 71ನ್ನು ಮರೆಯಲಾರೆ. ಲೇಕ್ ವೀಲರ್ ರೋಡಿನ ಹತ್ತಿರ ಎರಡು ಕಾರು ಮುತ್ತಿಟ್ಟುಕೊಂಡು ನಿಂತಿದ್ದವು, ದೊಡ್ಡದೇನಲ್ಲ, ಒಂದು ಬಂಪರ್ ಕಳಚಿತ್ತು ಅಷ್ಟೇ. ಪಕ್ಕದ ಸೀಟಿನಲ್ಲಿ ಬೆಲ್ಟು ಹಾಕಿ ಕೂರಿಸಿದ್ದ ದೋಸೆ ಹಿಟ್ಟಿನ ಡಬ್ಬ ಜೂನ್ ತಿಂಗಳ ಸೆಕೆಗೆ ಅಲ್ಲೇ ಹುದುಗು ಬಂದು ಮುಚ್ಚಳ ಎತ್ತತೊಡಗಿತು. ತಂಗಿ ಪಕ್ಕದ ಮನೆಯವರ ಹತ್ತಿರ ಮಗನನ್ನು ಬಿಟ್ಟು ಓಡಿದ್ದಳು. ಅವತ್ತು ರಾತ್ರಿ ಅವಳ ಮೆಸೇಜು ಎರಡೇ ಪದ: "ತಲುಪಿದೆ. ಪರವಾಗಿಲ್ಲ." ಆ "ಪರವಾಗಿಲ್ಲ"ದ ತೂಕ ಅಕ್ಕಂದಿರಿಗೆ ಗೊತ್ತಿರುತ್ತದೆ.

ಈ ರಸ್ತೆಯ ಬಗ್ಗೆ ಒಂದು ಸಂಗತಿ ಹೇಳಲೇಬೇಕು. ಇದರ ಹಳೆಯ ಕಾಂಕ್ರೀಟಿಗೆ ಒಳಗಿನಿಂದಲೇ ರೋಗ ಹತ್ತಿತ್ತು. ಸಿಮೆಂಟಿನ ಕ್ಷಾರಕ್ಕೂ ಜಲ್ಲಿಯಲ್ಲಿದ್ದ ಸಿಲಿಕಾಕ್ಕೂ ಆಗದೆ, ಅವೆರಡೂ ಸೇರಿ ಅಂಟಿನಂಥದ್ದೊಂದು ಹುಟ್ಟುತ್ತದೆ. ಅದು ನೀರು ಕುಡಿದು ಉಬ್ಬುತ್ತದೆ, ಕಾಂಕ್ರೀಟು ಬಿರಿಯುತ್ತದೆ. ಮೇಲೆ ಎಷ್ಟು ತೇಪೆ ಹಾಕಿದರೂ ಕೆಳಗಿನದು ಬಿರಿಯುತ್ತಲೇ ಇರುತ್ತದೆ. ಕೊನೆಗೆ 2010ರ ದಶಕದಲ್ಲಿ ಫಾರ್ಟಿಫೈ ಎಂಬ ಹೆಸರಿಟ್ಟು, ದಿನವೂ ಲಕ್ಷದ ಲೆಕ್ಕದಲ್ಲಿ ವಾಹನ ಓಡುತ್ತಿರುವಾಗಲೇ, ರಸ್ತೆಯನ್ನು ಬುಡಸಮೇತ ಅಗೆದು ಹೊಸದಾಗಿ ಹಾಕಿದರು. ಆ ವರ್ಷಗಳನ್ನು ಕಂಡವರ ಮುಂದೆ ಈಗಿನ ಜಾಮ್ ಬಗ್ಗೆ ಗೊಣಗಿದರೆ "ಇದೇನು ಮಹಾ" ಅನ್ನುತ್ತಾರೆ.

40ರ ಬದಲು 440 ಹಿಡಿದು ಊರಿನ ಉತ್ತರಕ್ಕೆ ಸುತ್ತಿ ಹೋಗಬಹುದಲ್ಲ ಅಂತ ಕೇಳಬಹುದು. ಒಂದು ಸಲ ಹೋದೆ, ಸಾಕಾಯಿತು. ಪಶ್ಚಿಮದ ಭಾಗದಲ್ಲಿ ಅಗಲ ಮಾಡುವ ಕೆಲಸ ವರ್ಷಗಟ್ಟಲೆ ಎಳೆದಿದೆ. ಸಿಕ್ಕ ಒಂದೇ ಖುಷಿ ವೆಸ್ಟರ್ನ್ ಬುಲವಾರ್ಡಿನಲ್ಲಿ ಪೆಟ್ರೋಲಿಗೆ ಇಳಿದಾಗ: ಅಲ್ಲಿನ ಹೊಸ ಬಗೆಯ ಜಂಕ್ಷನ್‌ನಲ್ಲಿ ಸೇತುವೆಯ ಮೇಲೆ ಸ್ವಲ್ಪ ದೂರ ಎಲ್ಲರೂ ರಸ್ತೆಯ ಎಡಬದಿಗೆ ದಾಟಿ ಓಡಿಸಬೇಕು. ಅರ್ಧ ನಿಮಿಷ ಮೈಸೂರು!

ಎರಡನೆಯದು ಉತ್ತರದ ದಾರಿ. ಮನೆ ಹತ್ತಿರವೇ 540 ಹತ್ತಿ, ಮೋರಿಸ್‌ವಿಲ್, ವಿಮಾನ ನಿಲ್ದಾಣ, ಗ್ಲೆನ್‌ವುಡ್, ಕ್ರೀಡ್‌ಮೋರ್, ಸಿಕ್ಸ್ ಫೋರ್ಕ್ಸ್, ಕ್ಯಾಪಿಟಲ್ ಬುಲವಾರ್ಡ್ ಅಂತ ಒಂದೊಂದೇ ದಾಟಿ, ನೂಸ್ ನದಿ ದಾಟಿ ನೈಟ್‌ಡೇಲ್. 38 ಮೈಲಿ. ಮೊದಲ ಹತ್ತು ಚಿಲ್ಲರೆ ಮೈಲಿಗೆ ಟೋಲ್, ಆಮೇಲೆ ಪುಕ್ಕಟೆ. ಇದರ ಮೊದಲ ತುಂಡು ತೆರೆದದ್ದು 1997ರಲ್ಲಿ, ನೈಟ್‌ಡೇಲ್ ಮುಟ್ಟಿದ್ದು 2007ರಲ್ಲಿ. ಶನಿವಾರ 37 ನಿಮಿಷ. ಗುರುವಾರ 55 ಮತ್ತು 63.

ಊರನ್ನು ತಪ್ಪಿಸಿ ಹೋಗಲೆಂದು ಹಾಕಿದ ರಸ್ತೆ ಇದು ಅಂತ ಯಾರಿಗೂ ಈಗ ಅನ್ನಿಸದು. ರಸ್ತೆ ಬಂದ ಮೇಲೆ ಅದರ ಎರಡೂ ಬದಿಗೆ ಬಡಾವಣೆಗಳು ಬಂದವು, ಅಲ್ಲಿಯವರಿಗೆ ಇದೇ ಬೀದಿಯಾಯಿತು. ಒಂದು ಎಕ್ಸಿಟ್‌ನಲ್ಲಿ ಹತ್ತಿ ಮುಂದಿನದರಲ್ಲಿ ಇಳಿಯುವವರೇ ಹೆಚ್ಚು. ಹತ್ತುವವರ ನೂಕುನುಗ್ಗಲು ಎಷ್ಟಾಯಿತೆಂದರೆ, 2017ರಲ್ಲಿ ರಾಜ್ಯದಲ್ಲೇ ಮೊದಲ ಬಾರಿಗೆ ಇಲ್ಲಿನ ಪಶ್ಚಿಮ ದಿಕ್ಕಿನ ನಾಲ್ಕು ರ‍್ಯಾಂಪುಗಳಿಗೆ ಸಿಗ್ನಲ್ ಹಾಕಿದರು. ಹಸಿರು ಬಿದ್ದಾಗ ಒಂದು ಕಾರು ಹೋಗಬೇಕು, ಮತ್ತೆ ಕೆಂಪು. ಪಡಿತರದ ಅಂಗಡಿಯಲ್ಲಿ ಒಬ್ಬೊಬ್ಬರನ್ನೇ ಒಳಗೆ ಬಿಟ್ಟಂತೆ. ನಾನು ಹೋಗುವುದು ಪೂರ್ವಕ್ಕೆ, ನನಗೆ ಆ ಉಪಕಾರವೂ ಇಲ್ಲ.

ಉತ್ತರದ ದಾರಿಗೆ ನಾನು ಕೊಡುವ ಒಂದೇ ಅಂಕ ದೇವಸ್ಥಾನಕ್ಕೆ. ಕ್ಯಾರಿಯ ವೆಂಕಟೇಶ್ವರ ದೇವಸ್ಥಾನಕ್ಕೆ 2022ರಲ್ಲಿ 87 ಅಡಿಯ ಗೋಪುರ ಎದ್ದಿತು. ಆ ಕಡೆ ಹೋಗಿ ಕೈಮುಗಿದು ಮುಂದೆ ಹೋಗುವ ಭಾನುವಾರಗಳಲ್ಲಿ ಇದೇ ಸರಿ. ಅದು ಬಿಟ್ಟರೆ ಇಲ್ಲ.

ಮೂರನೆಯದು ದಕ್ಷಿಣದ ಟೋಲ್ ದಾರಿ. 2024ರ ಸೆಪ್ಟೆಂಬರ್‌ವರೆಗೆ ಈ ದಾರಿ ಇರಲೇ ಇಲ್ಲ. ಏಪೆಕ್ಸ್, ಹಾಲಿ ಸ್ಪ್ರಿಂಗ್ಸ್ ಕಡೆಯಿಂದ ಗಾರ್ನರ್‌ಗೆ ಹೋಗಬೇಕಾದರೆ ಟೆನ್ ಟೆನ್ ರೋಡ್ ಅನ್ನುವ ಹಳ್ಳಿ ರಸ್ತೆಯೇ ಗತಿ. 1010 ಅಂತ ಅದರ ಸರ್ಕಾರಿ ನಂಬರು, ಅದೇ ಹೆಸರಾಗಿ ಉಳಿಯಿತು. ಈಗ 540ರಲ್ಲೇ ದಕ್ಷಿಣಕ್ಕೆ ಹೋಗಿ, ಹೊಸ 18 ಮೈಲಿ ದಾಟಿದರೆ ಗಾರ್ನರ್ ಆಚೆ ಐ-40 ಸಿಗುತ್ತದೆ. ಅಲ್ಲಿಂದ ಮುಂದೆ ರಸ್ತೆಯಿಲ್ಲ, ಆದ್ದರಿಂದ 40ರಲ್ಲಿ ಊರ ಕಡೆಗೆ ಎಂಟು ಮೈಲಿ ವಾಪಸು ಬಂದು 301ರಲ್ಲಿ ತಿರುಗಬೇಕು. ಒಟ್ಟು 40 ಮೈಲಿ, ಮೂರರಲ್ಲಿ ಅತಿ ಉದ್ದ. ನಮ್ಮ ಮನೆಯವರು "ಕೈ ಸುತ್ತಿ ಮೂಗು ಹಿಡಿಯೋದು ಅಂದ್ರೆ ಇದೇ" ಅಂದರು.

ಗುರುವಾರದ ಲೆಕ್ಕ: 46, 48, 47.

ಈ ಮೂರು ಸಂಖ್ಯೆ ನೋಡಿದ ಮೇಲೆ ನನಗೆ ಹೊಳೆದದ್ದು, ನಾನು ಇಷ್ಟು ದಿನ ಹುಡುಕುತ್ತಿದ್ದದ್ದು ವೇಗವಲ್ಲ. ನಡುವಿನ ದಾರಿ ಮೂರರಲ್ಲಿ ಎರಡು ಸಲ ಇದಕ್ಕಿಂತ ಬೇಗ ಮುಟ್ಟಿಸಿತ್ತು. ಆದರೆ 6:15ಕ್ಕೆ ಬಾಗಿಲಲ್ಲಿ ಬ್ಯಾಗು ಹೆಗಲಿಗೇರಿಸಿ ನಿಂತವಳಿಗೆ ಎರಡು ಸಲ ಬೇಗ ಬಂದದ್ದರಿಂದ ಏನು ಲಾಭ? ಮೂರನೇ ಸಲದ 71 ಬಂದರೆ ಎಲ್ಲ ಹೋಯಿತು. ಟೋಲಿನ ದುಡ್ಡು ಕೊಟ್ಟು ನಾನು ಕೊಳ್ಳುತ್ತಿರುವುದು ಖಾತ್ರಿ.

ಟೋಲ್ ಬಗ್ಗೆ ಎರಡು ಮಾತು. ಗೇಟಿಲ್ಲ, ಬೂತಿಲ್ಲ. ತಲೆಯ ಮೇಲೆ ಕಮಾನು, ಅದರಲ್ಲಿ ಕ್ಯಾಮೆರಾ. ಗಾಜಿಗೆ ಟ್ಯಾಗ್ ಅಂಟಿಸಿದ್ದರೆ ಖಾತೆಯಿಂದ ಹೋಗುತ್ತದೆ, ಇಲ್ಲದಿದ್ದರೆ ನಂಬರ್ ಪ್ಲೇಟ್ ಫೋಟೋ ತೆಗೆದು ಹೆಚ್ಚಿನ ದರದ ಬಿಲ್ಲು ಮನೆಗೆ ಕಳಿಸುತ್ತಾರೆ. ಇಲ್ಲಿನ ಕ್ವಿಕ್ ಪಾಸ್ ಟ್ಯಾಗಿನಲ್ಲಿ ಎರಡು ಬಗೆ. ಸ್ಟಿಕರ್ ಈ ರಾಜ್ಯಕ್ಕೆ, ಜಾರ್ಜಿಯಾ, ಫ್ಲಾರಿಡಾಗಳಿಗೆ ಸಾಕು. ನ್ಯೂಜೆರ್ಸಿ ಕಡೆ ನೆಂಟರಿದ್ದರೆ ಅಲ್ಲೂ ನಡೆಯುವ ಇನ್ನೊಂದು ಬಗೆ, ಈಜೀಪಾಸ್ ಡಬ್ಬಿಯನ್ನೇ ತಗೊಳ್ಳಿ. ಬಾಡಿಗೆ ಕಾರಿನವರು ಹುಷಾರು. ಭಾರತದಿಂದ ಬಂದ ನಾದಿನಿಯನ್ನು ಬಾಡಿಗೆ ಕಾರಿನಲ್ಲಿ ಒಂದೇ ಒಂದು ಸಲ ಈ ರಸ್ತೆಗೆ ಕರೆತಂದಿದ್ದಕ್ಕೆ ಆ ಕಂಪನಿ ಟೋಲ್ ಜೊತೆಗೆ "ಅನುಕೂಲ ಶುಲ್ಕ" ಅಂತ ಕಾರು ನಮ್ಮ ಹತ್ತಿರವಿದ್ದ ಪ್ರತಿ ದಿನಕ್ಕೂ ಹಾಕಿತು. ಯಾರ ಅನುಕೂಲವೋ! ಇನ್ನು "ನಿಮ್ಮ ಟೋಲ್ ಬಾಕಿಯಿದೆ, ಈ ಲಿಂಕ್ ಒತ್ತಿ" ಅಂತ ಬರುವ ಮೆಸೇಜುಗಳು ಶುದ್ಧ ಮೋಸ. ಸ್ಟಿಯರಿಂಗನ್ನೇ ಮುಟ್ಟದ ನಮ್ಮಮ್ಮನ ಫೋನಿಗೂ ಒಂದು ಬಂದಿತ್ತು.

ಈ ದಕ್ಷಿಣದ ತುಂಡು ಇಷ್ಟು ತಡವಾಗಲು ಕಾರಣಗಳಲ್ಲಿ ಒಂದು ಕಪ್ಪೆಚಿಪ್ಪು. ಇಲ್ಲಿನ ತೊರೆಗಳಲ್ಲಿ ಡ್ವಾರ್ಫ್ ವೆಜ್‌ಮಸಲ್ ಎಂಬ, ಬೆರಳಿನ ಎರಡು ಗೆಣ್ಣಿನಷ್ಟೂ ಉದ್ದವಿಲ್ಲದ, ಅಳಿವಿನಂಚಿನ ಜೀವಿಯಿದೆ. ಅದರ ನೆಲೆಯನ್ನು ತಪ್ಪಿಸುವ ಬೇರೆ ಮಾರ್ಗವನ್ನೂ ಪರಿಶೀಲಿಸಬೇಕು ಅಂತ ಕೇಂದ್ರದ ಸಂಸ್ಥೆಗಳು ಹೇಳಿದವು. ನಕ್ಷೆಯಲ್ಲಿ ಕೆಂಪು ಬಣ್ಣದಲ್ಲಿದ್ದ ಆ ಮಾರ್ಗ ಗಾರ್ನರ್ ಊರನ್ನೇ ಸೀಳುತ್ತಿತ್ತು. ಊರವರು ರೊಚ್ಚಿಗೆದ್ದರು. 2011ರಲ್ಲಿ ರಾಜ್ಯದ ಶಾಸಕರು ಕೆಂಪು ಮಾರ್ಗದ ಮಾತೇ ಎತ್ತಬಾರದು ಅಂತ ಕಾನೂನು ಮಾಡಿದರು, ಅದರಿಂದ ಕೇಂದ್ರದ ಒಪ್ಪಿಗೆ ಇನ್ನಷ್ಟು ಕಗ್ಗಂಟಾಗಿ 2013ರಲ್ಲಿ ಆ ಕಾನೂನನ್ನು ಹಿಂದಕ್ಕೆ ತಗೊಂಡರು. ಅಂತಿಮ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ.

ದುಡ್ಡು ಮತ್ತು ಖಾತ್ರಿ ಬಿಟ್ಟರೆ ಈ ಹೊಸ ರಸ್ತೆಯಲ್ಲಿ ನೋಡುವಂಥದ್ದೇನೂ ಇಲ್ಲ. 70 ಮೈಲಿ ವೇಗದಲ್ಲಿ ಪೈನ್ ಮರ, ಶಬ್ದ ತಡೆಯುವ ಗೋಡೆ, ಮತ್ತೆ ಪೈನ್ ಮರ. ಅಮ್ಮ ಒಂದು ಸಲ ಜೊತೆಗೆ ಬಂದಿದ್ದಳು. ಅರ್ಧ ದಾರಿಗೆ "ಇದೇನೇ, ಎಷ್ಟು ಹೋದ್ರೂ ಅದೇ ಮರ, ಅದೇ ಗೋಡೆ. ನಮ್ಮ ರಿಂಗ್ ರೋಡಲ್ಲಾದ್ರೆ ಚಾಮುಂಡಿ ಬೆಟ್ಟ ನೋಡಿ ಎಲ್ಲಿದೀನಿ ಅಂತ ಹೇಳ್ಬಹುದು. ಇಲ್ಲಿ ಊರು ಯಾವ ಕಡೆ ಇದೆ ಅಂತನೇ ಗೊತ್ತಾಗಲ್ವಲ್ಲ" ಅಂದಳು. ಬಲಕ್ಕೆ ಕೈ ತೋರಿಸಲು ಹೋದ ನಾನು ಒಂದು ಕ್ಷಣ ಯೋಚಿಸಿ ಎಡಕ್ಕೆ ತೋರಿಸಿದೆ.

ಹೀಗಾಗಿ ನನ್ನ ತೀರ್ಮಾನ: ಗುರುವಾರ ಸಂಜೆ ದಕ್ಷಿಣ, ವಾಪಸು ಬರುವಾಗ ಮತ್ತು ರಜಾದಿನ ನಡುವಿನದು. ಉತ್ತರದ್ದು ಗೋವಿಂದನ ದರ್ಶನಕ್ಕೆ. ಕ್ಯಾರಿ, ಮೋರಿಸ್‌ವಿಲ್‌ನಲ್ಲಿರುವವರಿಗೆ ಈ ಲೆಕ್ಕ ಒಪ್ಪದು. ಅಲ್ಲಿಂದ ದಕ್ಷಿಣಕ್ಕೆ ಇಳಿದು ಬರುವುದು ದಂಡ, 40 ಹಿಡಿದು ಹರಕೆ ಹೊತ್ತುಕೊಳ್ಳಿ.

ಈಗ ತಂಗಿ ಮನೆ ಹತ್ತಿರ, 540 ಬಂದು ನಿಲ್ಲುವ ಕಡೆ, ಕೆಂಪು ಮಣ್ಣಿನ ದಿಬ್ಬಗಳೆದ್ದಿವೆ. ಕೊನೆಯ ಆ 10 ಮೈಲಿ 2028ರಲ್ಲಿ ತೆರೆಯುವ ಲೆಕ್ಕ. ಆಗ ನನ್ನ 40 ಮೈಲಿ 33ಕ್ಕೆ ಇಳಿಯುತ್ತದೆ, ಸುಮಾರು 70 ಮೈಲಿಯ ಸುತ್ತು ಪೂರ್ತಿಯಾಗುತ್ತದೆ. ಅಮ್ಮನಿಗೆ ಹೇಳಿದಾಗ "ಹಾಗಾದ್ರೆ ಆವಾಗ ಒಂದ್ ಪ್ರದಕ್ಷಿಣೆ ಹಾಕ್ಸು" ಅಂದಳು. ಪ್ರದಕ್ಷಿಣೆ ಅಂದರೆ ಊರು ಬಲಕ್ಕಿರಬೇಕು, ಎಂದರೆ ಒಳಬದಿ, ಇನ್ನರ್. ಇಷ್ಟು ವರ್ಷದ ಮೇಲೆ ಅದು ಬಾಯಿಪಾಠವಾಗಿದೆ. ಪೂರ್ತಿ ಸುತ್ತಿಗೆ ಟೋಲ್ ಎಷ್ಟಾಗುತ್ತದೆ ಅಂತ ನಮ್ಮ ಮನೆಯವರು ಈಗಲೇ ಲೆಕ್ಕ ಹಾಕಲು ಕೂತಿದ್ದಾರೆ.