ಗೃಹಪ್ರವೇಶದ ನಂತರದ ಆರ್ಕಿಟೆಕ್ಟ್: ಶುಲ್ಕದ ಮೂರು ಪದ್ಧತಿಗಳ ಹೋಲಿಕೆ

ಬೆಂಗಳೂರಿನ 30×40 ಸೈಟುಗಳಲ್ಲಿ ಮನೆ ಒಂದೇ ಸಲಕ್ಕೆ ಮುಗಿಯುವುದು ಕಡಿಮೆ. ಮೊದಲು ನೆಲಮಹಡಿ, ಮಕ್ಕಳು ದೊಡ್ಡವರಾದ ಮೇಲೆ ಮೊದಲ ಮಹಡಿ, ಅದರ ಮೇಲೆ ಬಾಡಿಗೆಗೊಂದು ಮನೆ. ಅಷ್ಟು ವರ್ಷವೂ ಅದೇ ಆರ್ಕಿಟೆಕ್ಟ್ ಜೊತೆಗಿರುತ್ತಾರೋ ಇಲ್ಲವೋ ಎಂಬುದು ಬಹುಮಟ್ಟಿಗೆ ಮೊದಲ ಕರಾರಿನಲ್ಲೇ ತೀರ್ಮಾನವಾಗುತ್ತದೆ. ಕಟ್ಟಡದ ಖರ್ಚಿನ ಮೇಲೆ ಶೇಕಡಾವಾರು, ಗೊತ್ತುಪಡಿಸಿದ ಮೊತ್ತ, ಮನೆ ಮುಗಿದ ಮೇಲೆ ವಾರ್ಷಿಕ ಭೇಟಿಯ ಶುಲ್ಕ: ನಮ್ಮ ಕಚೇರಿಯಲ್ಲಿ ಈ ಮೂರು ಪದ್ಧತಿಗಳನ್ನೂ ನಡೆಸಿ ನೋಡಿದ್ದೇವೆ.

ಶೇಕಡಾವಾರು ಶುಲ್ಕ ಬೇಗ ಹುಳಿಯುತ್ತದೆ. ಕಟ್ಟಡದ ಖರ್ಚು 40 ಲಕ್ಷ, ಶುಲ್ಕ ಶೇ 5 ಎಂದಿಟ್ಟುಕೊಳ್ಳಿ, 2 ಲಕ್ಷ. ಮನೆಯವರೇ ಮಾರ್ಬಲ್ ಮೆಚ್ಚಿ 3 ಲಕ್ಷ ಹೆಚ್ಚು ಹಾಕಿದರೆ ಶುಲ್ಕ 15,000 ಏರುತ್ತದೆ, ನಕ್ಷೆಯಲ್ಲಿ ಒಂದು ಗೆರೆಯೂ ಬದಲಾಗಿರುವುದಿಲ್ಲ. ಅಲ್ಲಿಂದಾಚೆ ನಾವು ಯಾವ ಒಳ್ಳೆಯ ಸಾಮಾನು ಹೇಳಿದರೂ ಅವರಿಗೆ ಅನುಮಾನ. ಲೇಬರ್ ಕಾಂಟ್ರ್ಯಾಕ್ಟ್ ಆದರಂತೂ ಸಿಮೆಂಟು, ಕಬ್ಬಿಣ ಮನೆಯವರೇ ತರುತ್ತಾರೆ, ಬಾಗಿಲಿಗೆ ಊರಿನ ತೋಟದ ಹಲಸಿನ ಮರ ಬರುತ್ತದೆ. ಅದಕ್ಕೆಲ್ಲ ಬೆಲೆ ಕಟ್ಟುತ್ತಾ ಕೂತರೆ ಮುಖ ಕೆಡುತ್ತದೆ. ಕೆಲಸ ಎಷ್ಟೆಂದು ಮೊದಲೇ ಗೊತ್ತಾಗದ ಹಳೆಮನೆ ದುರಸ್ತಿಗೆ ಮಾತ್ರ ಇದು ಸರಿ.

ಗೊತ್ತುಪಡಿಸಿದ ಮೊತ್ತವನ್ನು ಕಂತಿನಲ್ಲಿ ಪಡೆಯುವುದು ಇದಕ್ಕಿಂತ ಎಷ್ಟೋ ಮೇಲು. ನಮ್ಮಲ್ಲಿ ನಿಂತ ಹಂಚಿಕೆ: ಮುಂಗಡ ಶೇ 10, ಪ್ಲಾನ್ ಒಪ್ಪಿದಾಗ 20, ವರ್ಕಿಂಗ್ ಡ್ರಾಯಿಂಗ್ (ಕೆಲಸದವರು ನೋಡಿ ಕಟ್ಟುವ ವಿವರವಾದ ನಕ್ಷೆ) ಕೊಟ್ಟಾಗ 30, ಪಾಯ, ಮೋಲ್ಡ್, ಪ್ಲಾಸ್ಟರಿಂಗ್ ಹಂತಗಳಲ್ಲಿ ತಲಾ 10, ಕೊನೆಗೆ 10. ಎಷ್ಟು ಸಲ ಪ್ಲಾನ್ ತಿದ್ದುವುದು, ಸೈಟಿಗೆ ಎಷ್ಟು ಭೇಟಿ ಎಂಬುದನ್ನು ಸಂಖ್ಯೆಯಲ್ಲೇ ಬರೆಯಬೇಕು. ಬರೆಯದಿದ್ದರೆ ಜಗಳ ಅಲ್ಲೇ ಹುಟ್ಟುತ್ತದೆ.

ಕೊನೆಯ ಶೇ 10ನ್ನು ಗೃಹಪ್ರವೇಶಕ್ಕೆ ಜೋಡಿಸಬೇಡಿ. ಹೋಮದ ಹೊಗೆ ಆರುವ ಮುಂಚೆ ಎರಡೂ ಕಡೆಯವರಿಗೆ ಅದು ಮರೆತುಹೋಗುತ್ತದೆ. ಕಟ್ಟಿದಂತೆಯೇ ಬರೆದ ನಕ್ಷೆಗಳ ಫೈಲ್ ಕೈಗೆ ಬಂದಾಗ ಆ ಕಂತು ಎಂದು ಮಾಡಿ. ಫೈಲಿನಲ್ಲಿ ಇರಬೇಕಾದವು: ಪ್ಲಾಸ್ಟರಿಂಗಿಗೆ ಮುಂಚೆ ಟೇಪ್ ಹಿಡಿದು ತೆಗೆದ ಪೈಪ್ ಮತ್ತು ವೈರಿಂಗ್ ಫೋಟೋಗಳು, ಸಂಪು ಮತ್ತು ಚೇಂಬರುಗಳ ಮಟ್ಟ, ಪ್ರತಿ ಕಾಲಂನ ಕಬ್ಬಿಣದ ವಿವರ, ಪಾಯ ಎಷ್ಟು ಮಹಡಿಗೆ ಲೆಕ್ಕ ಹಾಕಿದ್ದು ಎಂಬ ಸ್ಟ್ರಕ್ಚರಲ್ ಎಂಜಿನಿಯರ್ ಅವರ ಬರಹ. ಇದಿಲ್ಲದೆ ಹತ್ತು ವರ್ಷದ ಮೇಲೆ ಮಹಡಿ ಎತ್ತಲು ಹೊರಟರೆ ಪಾಯ ಅಗೆದು ನೋಡಬೇಕಾಗುತ್ತದೆ. ಮುಂದಿನ ಮಹಡಿಗೆಂದು ತಾರಸಿಯ ಮೇಲೆ ಬಿಟ್ಟ ಕಂಬಿಗಳಿಗೆ ಬಡ ಕಾಂಕ್ರೀಟ್ (ಸಿಮೆಂಟು ಕಡಿಮೆ ಹಾಕಿದ್ದು) ಸುತ್ತಿಸಿದ್ದಾರೆಯೇ ನೋಡಿ. ಬರಿದೇ ಬಿಟ್ಟರೆ ತುಕ್ಕು ಹಿಡಿದು ತೆಳುವಾಗುತ್ತವೆ, ಬುಡದಲ್ಲಿ ನೀರು ಇಳಿಯುತ್ತದೆ.

ಮೂರನೆಯದು ವಾರ್ಷಿಕ ಭೇಟಿಯ ಶುಲ್ಕ: ಯುಗಾದಿಯ ಸುಮಾರಿಗೆ ಒಮ್ಮೆ, ದೀಪಾವಳಿ ಕಳೆದು ಮಳೆ ನಿಂತ ಮೇಲೆ ಒಮ್ಮೆ. ಮೊದಲ ಭೇಟಿಯಲ್ಲಿ ತಾರಸಿಯ ಇಳಿಜಾರು, ನೀರು ಹೋಗುವ ಪೈಪಿನ ಬಾಯಿ, ಪ್ಯಾರಾಪೆಟ್ ಬಿರುಕು, ಮಳೆನೀರು ಕೊಯ್ಲಿನ ಫಿಲ್ಟರ್. ಎರಡನೆಯದರಲ್ಲಿ ಗೋಡೆಯ ತೇವ.

ಫೋನಿನಲ್ಲಿ ಕೇಳಿದರಾಯಿತಲ್ಲ, ಇದಕ್ಕೂ ದುಡ್ಡೇ ಎಂದು ಕೇಳುವವರಿದ್ದಾರೆ. ವಾಟ್ಸಾಪಿನಲ್ಲಿ ಬಂದ ತೇವದ ಫೋಟೋ ಮೂಲ ತೋರಿಸುವುದಿಲ್ಲ. ಬಾತ್‌ರೂಮಿನ ಸಂಕನ್ ಸ್ಲ್ಯಾಬಿನೊಳಗೆ (ಪೈಪ್ ಹಾಯಿಸಲು ತಗ್ಗಿಸಿ ಹಾಕಿದ ಸ್ಲ್ಯಾಬು) ನಿಂತ ನೀರು ಸೋರಿಕೆ ಇರುವಲ್ಲಿ ಬಿಟ್ಟು, ಆರೇಳು ಅಡಿ ಆಚೆಯೂ ಹೊರಬರಬಹುದು. ಸ್ಥಳಕ್ಕೆ ಹೋಗಿ ನೆಲದ ನೀರು ಹೋಗುವ ಬಾಯಿ (ಟ್ರ್ಯಾಪ್) ಮುಚ್ಚಿ, ನೆಲದಲ್ಲಿ ಒಂದಿಂಚು ನೀರು ನಿಲ್ಲಿಸಿ 24 ಗಂಟೆ ಬಿಟ್ಟು ಗುರುತು ನೋಡಬೇಕು. ನೆಲ ಸರಿಯಿದ್ದರೆ ನಲ್ಲಿಗಳನ್ನೆಲ್ಲ ಮುಚ್ಚಿ ಪೈಪಿನ ಒತ್ತಡ ಪರೀಕ್ಷಿಸಬೇಕು. ಇದನ್ನು ಮಾಡದೆ ಟೈಲ್ಸ್ ಒಡೆಸಿದವರು ಎರಡು ಸಲ ಒಡೆಸುತ್ತಾರೆ.

ಕಟ್ಟುವವರೆಗೆ ಎರಡನೆಯದು, ಆಮೇಲೆ ಮೂರನೆಯದು: ಇದು ನಮ್ಮ ಆಯ್ಕೆ. ಜೊತೆಗೆ ಒಂದು ಷರತ್ತು ಬರೆಸಿಕೊಳ್ಳಿ. ನಕ್ಷೆಯ ಕೃತಿಸ್ವಾಮ್ಯ ಸಾಮಾನ್ಯವಾಗಿ ರಚಿಸಿದವರದ್ದು. ಹಾಗಾಗಿ, ಆರ್ಕಿಟೆಕ್ಟ್ ಸಿಗದಂತಾದರೆ ಇದೇ ಮನೆಯ ವಿಸ್ತರಣೆಗೆ ಬೇರೆಯವರು ಆ ನಕ್ಷೆಗಳನ್ನು ಬಳಸಬಹುದು ಎಂಬ ಒಪ್ಪಿಗೆ ಕರಾರಿನಲ್ಲೇ ಇರಲಿ.