ನಿಲ್ಲಿಸಿಟ್ಟ ಪದ್ಮಿನಿಗೆ ಇಲಿ ಓಡಿಸುವ ಉಪಕರಣ: ಐದರಲ್ಲಿ ಒಂದು ಅಂಕ

ಮಳೆಗಾಲವಿಡೀ ರಸ್ತೆಗಿಳಿಯದ ನಮ್ಮ ಪ್ರೀಮಿಯರ್ ಪದ್ಮಿನಿಗಾಗಿ, ಬಾನೆಟ್ಟಿನೊಳಗೆ ಕೂರಿಸಿ ಬ್ಯಾಟರಿಗೆ ಜೋಡಿಸುವ, ಮನುಷ್ಯರಿಗೆ ಕೇಳಿಸದ ಅಲ್ಟ್ರಾಸಾನಿಕ್ ಶಬ್ದದಿಂದ ಇಲಿಗಳನ್ನು ಓಡಿಸುತ್ತದೆಂದು ಹೇಳಿ ಮಾರುವ 12 ವೋಲ್ಟಿನ ಉಪಕರಣವೊಂದನ್ನು ಆನ್‌ಲೈನಿನಲ್ಲಿ ತರಿಸಿದ್ದೆವು. ನಿಲ್ಲಿಸಿಟ್ಟ ಹಳೆಯ ಕಾರಿಗೆ ಇದು ಕೊಳ್ಳಬೇಕಾದ ವಸ್ತುವಲ್ಲ.

ತಿಂಗಳುಗಟ್ಟಲೆ ನಿಲ್ಲುವ ಕಾರಿನ ಬ್ಯಾಟರಿ ಟರ್ಮಿನಲ್ ಕಳಚಿಡುವುದು ವಾಡಿಕೆ. ಕಳಚಿದರೆ ಉಪಕರಣ ಕೆಲಸ ಮಾಡುವುದಿಲ್ಲ, ಕಳಚದಿದ್ದರೆ ಬ್ಯಾಟರಿ ಇಳಿಯುತ್ತದೆ. ಮೇಲಾಗಿ ಇಂಥ ಶಬ್ದ ಗಟ್ಟಿ ವಸ್ತುಗಳನ್ನು ದಾಟಿ ಹೋಗದು. ಇಂಜಿನ್ನಿನ ಮರೆಯಲ್ಲಿರುವ ಮೂಲೆಗಳಿಗೆ ಅದು ಮುಟ್ಟುವುದೇ ಕಷ್ಟ, ಮುಟ್ಟಿದರೂ ಇಲಿಗಳು ಬೇಗ ಒಗ್ಗಿಕೊಳ್ಳುತ್ತವೆ. ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2001ರಲ್ಲೇ ಇಂಥ ಉಪಕರಣಗಳ 60ಕ್ಕೂ ಹೆಚ್ಚು ತಯಾರಕರಿಗೂ ಮಾರಾಟಗಾರರಿಗೂ, ವೈಜ್ಞಾನಿಕ ಆಧಾರವಿಲ್ಲದೆ ಭರವಸೆ ನೀಡಬಾರದೆಂದು ಎಚ್ಚರಿಕೆಯ ಪತ್ರ ಬರೆದಿತ್ತು. ನಮ್ಮ ಷೆಡ್ಡಿನಲ್ಲಂತೂ ಹಸಿರು ದೀಪ ಮಿನುಗುತ್ತಿರುವಾಗಲೇ ಏರ್ ಫಿಲ್ಟರಿನ ಡಬ್ಬಿಯೊಳಗೆ ಸೀಟಿನ ನಾರು, ಹರಿದ ಕಾಗದ, ಅಡಿಕೆ ಸಿಪ್ಪೆಗಳ ಗೂಡು ಎದ್ದಿತ್ತು. ಉಪಕರಣದ ಕೆಂಪು ವೈರಿನ ಮೇಲೂ ಹಲ್ಲಿನ ಗುರುತುಗಳಿದ್ದವು.

ಅದೇ ಹಣಕ್ಕೆ ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಸ್ಟೇನ್‌ಲೆಸ್ ಸ್ಟೀಲ್ ಜಾಲರಿ ಎಷ್ಟೋ ಮೇಲು. ಸಣ್ಣ ಇಲಿಗೆ 6 ಮಿಲಿಮೀಟರ್ ಸಂದು ಸಾಕಾಗುವುದರಿಂದ ಕಂಡಿಗಳು ಅದಕ್ಕಿಂತ ಚಿಕ್ಕದಾಗಿರಬೇಕು. ಕೋಳಿಗೂಡಿನ ಜಾಲರಿ ಹೆಗ್ಗಣವನ್ನು ತಡೆದೀತೇ ಹೊರತು ಇಲಿಮರಿಯನ್ನಲ್ಲ. ಸೈಲೆನ್ಸರ್ ಕೊಳವೆಯ ಬಾಯಿ, ಏರ್ ಫಿಲ್ಟರಿನ ಮೂತಿ, ಪೆಡಲುಗಳ ಬುಡದಲ್ಲಿ ರಬ್ಬರು ಹರಿದಿರುವ ಜಾಗ, ಇವಿಷ್ಟನ್ನು ಮುಚ್ಚಿದ ಮೇಲೆ ಒಳಗೆ ಹಿಕ್ಕೆ ಕಾಣಿಸಿಲ್ಲ. ಕುಂಬಾರ ಹುಳ ಮಾತ್ರ ಜಾಲರಿಗೂ ಬಗ್ಗುವುದಿಲ್ಲ, ಕಂಡಿಗಳಿಗೇ ಮಣ್ಣು ಮೆತ್ತುತ್ತದೆ. ಕೊಳವೆಯ ಬಾಯಿಗೆ ಜಾಲರಿಯ ಮೇಲೊಂದು ಬಟ್ಟೆಯನ್ನೂ ಬಿಗಿಯುವುದು ಕ್ಷೇಮ. ಮುಚ್ಚಿದ್ದನ್ನೆಲ್ಲ ಬಿಚ್ಚದೆ ಇಂಜಿನ್ ಚಾಲೂ ಮಾಡದಂತೆ ಸ್ಟೀರಿಂಗಿಗೆ ಚೀಟಿ ಕಟ್ಟಿಡಬೇಕು.

ಪಾಷಾಣವನ್ನು ನಾನು ಒಪ್ಪುವುದಿಲ್ಲ. ಬ್ರೊಮಾಡಿಯೊಲೋನ್ ಎಂಬ ಇಲಿ ಪಾಷಾಣ ತಿಂದ ಇಲಿ ಸಾಯಲು ಕೆಲವು ದಿನ ಹಿಡಿಯುವುದರಿಂದ ಅದು ಸೀಟಿನಡಿಯಲ್ಲೇ ಸತ್ತು ನಾರಬಹುದು, ಅದನ್ನು ತಿಂದ ಬೆಕ್ಕು ಗೂಬೆಗಳಿಗೂ ವಿಷವೇರಬಹುದು. ಷೆಡ್ಡಿನಿಂದ ಭತ್ತದ ಚೀಲಗಳನ್ನು ತೆಗೆಸಿ, ಗೋಡೆಯ ಬುಡಕ್ಕೆ ಒತ್ತಿ ಕತ್ತರಿ ಬೋನುಗಳನ್ನಿಟ್ಟರೆ ಸಾಕು. ಇಲಿಗಳು ಓಡಾಡುವುದು ಗೋಡೆಗುಂಟ, ಬಯಲಿನಲ್ಲಲ್ಲ.