ರಸೀದಿ ಚೆನ್ನ, ಬೀರುವಿನೊಳಗಿನ ಸೂಚನೆ ಬೇಡ: ಒಂದು ಹೋಟೆಲಿನ ವಿಮರ್ಶೆ

ಈ ಹೋಟೆಲಿನ ಕೋಣೆಗಳ ಅಚ್ಚುಕಟ್ಟಿನ ಬಗ್ಗೆ ದೂರುವಂಥದ್ದೇನೂ ಇಲ್ಲ. ತಂಗಿದವರ ಸಾಮಾನುಗಳನ್ನು ಇಲ್ಲಿ ಹೇಗೆ ಕಾಯುತ್ತಾರೆ ಎಂಬುದಷ್ಟೇ ಈ ವಿಮರ್ಶೆಯ ವಿಷಯ.

ಬೆಲೆಬಾಳುವ ವಸ್ತುಗಳನ್ನು ಕೌಂಟರಿನಲ್ಲಿ ಒಪ್ಪಿಸುವ ವ್ಯವಸ್ಥೆ ನಿಜಕ್ಕೂ ಮೆಚ್ಚುವಂತಿದೆ. ಕ್ಯಾಮೆರಾವನ್ನು ಕೊಟ್ಟಾಗ ಸಿಬ್ಬಂದಿ ಅದನ್ನು ನಮ್ಮೆದುರಿಗೇ ಚೀಲಕ್ಕೆ ಹಾಕಿ, ಅಂಟಿಸಿದ ಅಂಚಿನ ಮೇಲೆ ಸಹಿ ಪಡೆದು, ಅದರ ಸೀರಿಯಲ್ ನಂಬರನ್ನೂ ರಿಜಿಸ್ಟರಿನಲ್ಲಿ ಬರೆದುಕೊಂಡು ರಸೀದಿ ನೀಡಿದರು. ಆ ರಸೀದಿಯ ಬೆಲೆ ಸಣ್ಣದಲ್ಲ. ಇಂಗ್ಲೆಂಡಿನ 1956ರ ಹೋಟೆಲ್ ಮಾಲೀಕರ ಕಾಯ್ದೆಯು ಮಾಲೀಕನ ಹೊಣೆಯನ್ನು ವಸ್ತುವೊಂದಕ್ಕೆ 50 ಪೌಂಡ್, ಅತಿಥಿಯೊಬ್ಬರಿಗೆ ಒಟ್ಟು 100 ಪೌಂಡ್ ಎಂದು ಮಿತಿಗೊಳಿಸಿದರೂ, ಸುರಕ್ಷಿತವಾಗಿಡಲೆಂದೇ ಒಪ್ಪಿಸಿದ ವಸ್ತುವಿಗೂ ಸಿಬ್ಬಂದಿಯ ನಿರ್ಲಕ್ಷ್ಯದಿಂದ ಕಳೆದುಹೋದ ವಸ್ತುವಿಗೂ ಆ ಮಿತಿ ಅನ್ವಯಿಸುವುದಿಲ್ಲ.

ಆಕ್ಷೇಪವಿರುವುದು ಕೋಣೆಯ ಬೀರುವಿನ ಬಾಗಿಲಿನ ಒಳಬದಿಗೆ ಅಂಟಿಸಿರುವ ಸೂಚನೆಯ ಬಗ್ಗೆ. ‘ವಸ್ತುಗಳು ಕಳೆದುಹೋದರೆ ಆಡಳಿತವು ಜವಾಬ್ದಾರಿಯಲ್ಲ’ ಎಂದು ಅದರಲ್ಲಿ ಬರೆದಿದೆ. ಕೌಂಟರಿನಲ್ಲಿ ಹಣ ಪಾವತಿಸಿ, ಕೀಲಿ ಪಡೆದು, ಮೇಲೆ ಬಂದು ಬೀರು ತೆರೆದ ಮೇಲೆ ಕಾಣುವ ಷರತ್ತಿಗೆ ಅತಿಥಿ ಒಪ್ಪಿದ್ದು ಯಾವಾಗ? 1949ರಲ್ಲಿ ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯವು ಮಾರ್ಲ್‌ಬರೋ ಕೋರ್ಟ್ ಹೋಟೆಲಿನ ಪ್ರಕರಣದಲ್ಲಿ ಇಂಥದ್ದೇ ಸೂಚನೆಯನ್ನು ತಳ್ಳಿಹಾಕಿತು: ಒಪ್ಪಂದವು ಸ್ವಾಗತ ಕೌಂಟರಿನಲ್ಲೇ ಮುಗಿದಿರುವಾಗ ಕೋಣೆಯ ಗೋಡೆಯ ಬರಹ ಅದರ ಭಾಗವಾಗಲಾರದು. ಅಲ್ಲಿ ಕಳ್ಳ ಕೋಣೆಗೆ ನುಗ್ಗಿದ್ದು ಕೌಂಟರಿನಲ್ಲಿ ಬಿಟ್ಟಿದ್ದ ಕೀಲಿಯನ್ನು ತೆಗೆದುಕೊಂಡು. ಈ ಹೋಟೆಲಿನಲ್ಲೂ ಕೀಲಿಗಳು ಕೈಗೆಟುಕುವ ಕೊಕ್ಕೆಗಳಲ್ಲಿ, ಕೋಣೆಯ ಸಂಖ್ಯೆ ಎಲ್ಲರಿಗೂ ಕಾಣುವಂತೆ ತೂಗುತ್ತವೆ. ಪಾಳಿ ಬದಲಾಗುವ ಹೊತ್ತಿನಲ್ಲಿ ಅಲ್ಲಿ ಯಾರೂ ಇರುವುದಿಲ್ಲ. ರಿಜಿಸ್ಟರಿನ ವಿಷಯದಲ್ಲಿ ಅಷ್ಟು ಎಚ್ಚರವಿರುವವರಿಗೆ ಇದು ಹೊಳೆಯದಿರುವುದು ಆಶ್ಚರ್ಯ.

ವಾಹನ ನಿಲುಗಡೆಯ ಟೋಕನ್ನಿನ ಮೇಲೂ ‘ಮಾಲೀಕರ ಸ್ವಂತ ಹೊಣೆಯ ಮೇಲೆ’ ಎಂಬ ಸಾಲಿದೆ. ನಾವೇ ನಿಲ್ಲಿಸಿ ಕೀಲಿ ಜೇಬಿನಲ್ಲಿಟ್ಟುಕೊಂಡರೆ ಮಾತು ಬೇರೆ. ಕೀಲಿಯನ್ನು ಸಿಬ್ಬಂದಿಯ ಕೈಗೆ ಕೊಟ್ಟಿದ್ದರೆ ಆ ಸಾಲನ್ನು ತೋರಿಸಿ ನಿರ್ಲಕ್ಷ್ಯದ ಹೊಣೆಯಿಂದ ಹೋಟೆಲು ನುಣುಚಿಕೊಳ್ಳಲಾಗದು ಎಂದು ಭಾರತದ ಸುಪ್ರೀಂ ಕೋರ್ಟ್ 2019ರಲ್ಲಿ ಹೇಳಿದೆ. ತನ್ನ ಕಡೆಯಿಂದ ನಿರ್ಲಕ್ಷ್ಯವಾಗಿಲ್ಲ ಎಂದು ಸಾಬೀತುಪಡಿಸುವ ಭಾರವೂ ಹೋಟೆಲಿನದೇ.

ಐದಕ್ಕೆ ಮೂರು ಅಂಕ. ಕೀಲಿಗಳನ್ನು ಮುಚ್ಚಿದ ಪೆಟ್ಟಿಗೆಗೆ ಸೇರಿಸಿ, ಬೀರುವಿನ ಸೂಚನೆಯನ್ನು ಕಿತ್ತುಹಾಕಿದರೆ ನಾಲ್ಕು ಕೊಡಲು ಅಡ್ಡಿಯಿಲ್ಲ.